ಎಡಕ್ಕೆ ಒಂದು ಮೊಳ

ವಾಲ್ಪರೈಸೊ, ಸಂಸತ್ತಿನ ಮೂರನೆಯ ಮಹಡಿ, ಬುಧವಾರ.
ಟೀವಿಯ ಬಲಮೂಲೆಯಲ್ಲಿ ಬೆರಳುದ್ದ ಕಾಣುವ ಹೆಂಗಸು ನಾನು.
ಕಪ್ಪು ಅಂಗಿ. ಉಂಗುರವಿಲ್ಲ, ಗಡಿಯಾರವಿಲ್ಲ.
ಕೈಗಳಿಗೆ ಅಡ್ಡ ಬರುವುದೇನೂ ಇರಕೂಡದು,
ನನ್ನ ಅಭಿಪ್ರಾಯವೂ.

ಸಮಿತಿಯ ಮುಂದೆ ಮಾಜಿ ಮಂತ್ರಿ ಅನ್ಸೆಲ್ಮೊ ಲರಗಿಬೆಲ್.
ಅವರು ‘ನಾನು’ ಎಂದಾಗ
ನಾನು ನನ್ನೆದೆಯನ್ನೇ ಮುಟ್ಟಿಕೊಳ್ಳಬೇಕು.
ಬಾಯಿ ಅವರದು, ಮೈ ನನ್ನದು; ಕಸುಬೇ ಹಾಗೆ.

ಕೇಳುವವಳು ಯಸ್ನಾ ಕುರಿಕೆಯೊ, ದಕ್ಷಿಣದವಳು.
ನೆಗಡಿ. ಕರವಸ್ತ್ರ ಮಡಚಿ ಕಡತದ ಮೇಲಿಟ್ಟು,
‘ಒಕ್ತಾವಿಯೊ ರಿಸೊಪತ್ರೊನ್ ನಿಮಗೆ ಪರಿಚಯವೆ?’

ಮೇಷ್ಟರುಗಳ ಪಿಂಚಣಿ ನುಂಗಿ
ಮಾರ್ಚಿಯಿಂದ ಜೈಲಿನಲ್ಲಿರುವವನ ಹೆಸರು.
ಒಂದೊಂದೇ ಅಕ್ಷರ ಬೆರಳಲ್ಲಿ ಬಿಡಿಸಿದೆ.
ನಮ್ಮ ಭಾಷೆಯಲ್ಲಿ ಎದುರಿಗಿಲ್ಲದವರಿಗೂ
ಗಾಳಿಯಲ್ಲೊಂದು ಜಾಗ ಕೊಡಬೇಕು.
ಮೊದಲ ಸಲ ಎಲ್ಲಿ ನಿಲ್ಲಿಸಿದೆವೋ
ಮಾತು ಮುಗಿಯುವ ತನಕ ಅವರು ಅಲ್ಲೇ.
ನಾನು ಎಡಕ್ಕೆ, ಒಂದು ಮೊಳ ದೂರ, ಭುಜದ ಮಟ್ಟಕ್ಕೆ ನಿಲ್ಲಿಸಿದೆ.
ಬೇರೆ ಯೋಚನೆ ಇರಲಿಲ್ಲ. ಎಡಗಡೆ ಖಾಲಿಯಿತ್ತು.

‘ಮುಖ ಪರಿಚಯ, ಅಷ್ಟೆ.’
‘ಎಷ್ಟು ಸಲ ಭೇಟಿ?’
‘ನೆನಪಿಲ್ಲ.’
‘ದೋಣಿಯಲ್ಲಿ? ಅವರ ಮಗಳ ಮದುವೆಯಲ್ಲಿ?’
‘ನೆನಪಿಲ್ಲ. ಜನ ಬಹಳ ಇದ್ದರು.’
ಮದುವೆಯೇ ನೆನಪಿಲ್ಲದವರಿಗೆ
ಜನ ಬಹಳ ಇದ್ದದ್ದು ನೆನಪಿತ್ತು.
ಅದನ್ನೂ ಹಾಗೆಯೇ ಕೈಗೆ ತಂದೆ,
ಉಪ್ಪು ಹಾಕದೆ.

ನೆನಪಿಲ್ಲ ಅನ್ನಲು
ಹಣೆಯಿಂದ ಏನನ್ನೋ ಒರೆಸಿ ಆಚೆ ಬಿಡುತ್ತೇನೆ.
ಮನೆಯಲ್ಲಿ ಕಲಿತದ್ದು. ಬಲೆ ಹೊಲಿಯುತ್ತಿದ್ದ ಅಪ್ಪ
ಸಾಲದ ಅಂಗಡಿಯವನೆದುರು ಹೀಗೆ ಹಣೆ ಒರೆಸಿ
ಆಮೇಲೆ ತಾನೇ ನಕ್ಕುಬಿಡುತ್ತಿದ್ದ.
ಇಲ್ಲಿ ಯಾರೂ ನಗಲಿಲ್ಲ.
ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಸಲ.
ಶೌಚಾಲಯದ ಕನ್ನಡಿಯಲ್ಲಿ ನೋಡಿದರೆ
ಹಣೆ ಕೆಂಪಾಗಿದೆ,
ಅವರದಲ್ಲ.

ಊಟದ ನಂತರ ಅವರು ಹೆಸರನ್ನೇ ಬಿಟ್ಟರು.
‘ಆ ಮನುಷ್ಯ,’ ಎಂದರು. ‘ಆ ವ್ಯಕ್ತಿ.’ ಕೊನೆಗೆ
‘ನೀವು ಹೇಳುತ್ತಿರುವ ಆ ಯಾರೋ.’
ಒಂದೊಂದು ಮಾತಿಗೂ ಅವನನ್ನು ಒಂದೊಂದು ಹರದಾರಿ
ಆಚೆ ಆಚೆ ನೂಕುತ್ತ ಹೋದರು.
ನಾನೇನು ಮಾಡಲಿ? ತೋರುಬೆರಳು ಹೋಗುವುದು ಅಲ್ಲಿಗೇ:
ಎಡಕ್ಕೆ ಒಂದು ಮೊಳ.
ಆ ಯಾರೋ. ಇವನು.
ನನಗೆ ತಿಳಿಯದ ವ್ಯಕ್ತಿ. ಇವನು, ಇಲ್ಲೇ,
ಭುಜಕ್ಕೆ ಭುಜ ತಾಗಿಸಿ ನಿಂತವನು.

ಒಮ್ಮೆ ಮಂತ್ರಿ ತಲೆಯೆತ್ತಿ ನನ್ನ ಕಡೆ ನೋಡಿದರು.
ಬೆರಳು ತೋರಿದ ಕಡೆಗೂ ನೋಡಿದರು.
ನೀರು ಕುಡಿದರು.

ಊರಿನ ಕಿವುಡರ ಸಂಘದಲ್ಲಿ ಎಲ್ಲರೂ ನೋಡುತ್ತಿದ್ದರು.
ರಿಸೊಪತ್ರೊನ್‌ಗೆ ಅವರಿಟ್ಟ ಸನ್ನೆಹೆಸರು ಬೇರೆಯೇ ಇದೆ:
ಮಣಿಕಟ್ಟಿನ ಗುಂಡಿಯನ್ನು ಹೆಬ್ಬೆರಳಲ್ಲಿ ತಿರುಗಿಸುವುದು.
ನಮ್ಮ ಶಾಲೆಯ ಹೊಸ ಕಟ್ಟಡಕ್ಕೆ ಬಂದ ದಿನ
ಭಾಷಣದುದ್ದಕ್ಕೂ ಅದನ್ನೇ ತಿರುಗಿಸುತ್ತಿದ್ದ.
ಕೆಂಪು ಪಟ್ಟಿ ಕತ್ತರಿಸಿದವರು ಇಬ್ಬರು,
ಕತ್ತರಿ ಒಂದೇ.
ಪಟ ಇನ್ನೂ ಅಡುಗೆಮನೆ ಬಾಗಿಲ ಮೇಲಿದೆ;
ಎರಡನೆಯವರು ಯಾರೆಂದು
ಐದು ವರ್ಷದ ಮಕ್ಕಳೂ ಬಲ್ಲರು.
ಆ ಸನ್ನೆಹೆಸರು ನನ್ನ ಮಣಿಕಟ್ಟಿನ ತನಕ ಬಂತು.
ಬಳಸಲಿಲ್ಲ.
ಅದು ಸರಿಯೋ ತಪ್ಪೋ, ಈಗಲೂ ಗೊತ್ತಿಲ್ಲ.
(ಇದು ನನ್ನದೇ ‘ಗೊತ್ತಿಲ್ಲ’.)

ಆರು ಗಂಟೆಗೆ ಮುಗಿಯಿತು.
ಕುರಿಕೆಯೊ ಕಡತ ಕಟ್ಟಿ, ಮೂಗೊರೆಸಿಕೊಂಡು,
‘ಮತ್ತೆ ಕರೆಸುತ್ತೇವೆ’ ಎಂದಳು.
ಮಂತ್ರಿ ಎಲ್ಲರ ಕೈ ಕುಲುಕಿದರು,
ಕೇಬಲ್ ಸುತ್ತುತ್ತಿದ್ದ ಹುಡುಗನದೂ.

ಅಪ್ಪ ಮೊಬೈಲಿನಲ್ಲಿ ಕಾಣಿಸಿಕೊಂಡ.
ಹಣೆ ಮುಟ್ಟಿ ಕೇಳಿದ: ನೋಯುತ್ತಿದೆಯಾ?
ಆಮೇಲೆ ಮಣಿಕಟ್ಟಿನ ಗುಂಡಿ ತಿರುಗಿಸಿ, ಹುಬ್ಬು ಹಾರಿಸಿದ.

ದೀಪಗಳು ಆರುತ್ತಿದ್ದವು. ಬಾಗಿಲು ಎಡಗಡೆಗಿತ್ತು.
ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟವಳು ನಿಂತೆ.
ಯಾರೂ ಇಲ್ಲದ ಆ ಜಾಗವನ್ನು
ಸುತ್ತಿ ಬಳಸಿ
ಹೊರಗೆ ಬಂದೆ.